ಟ್ರಂಕಿನಲ್ಲಿ ಉಳಿದ ಮಾರ್ಕ್, ಫ್ರಾಂಕ್, ಲೀರಾ

ಪ್ರಶ್ನೆ: ನಮ್ಮ ತಂದೆಯವರು 1980ರ ದಶಕದ ಕೊನೆಯಲ್ಲಿ ತರಬೇತಿಗೆಂದು ಜರ್ಮನಿಗೆ ಹೋಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕು ತೆಗೆದಾಗ 350 ಜರ್ಮನ್ ಮಾರ್ಕ್, 200 ಫ್ರೆಂಚ್ ಫ್ರಾಂಕ್ ಮತ್ತು 50,000 ಇಟಲಿಯ ಲೀರಾ ನೋಟುಗಳು ಸಿಕ್ಕಿದವು. ಯೂರೋ ಬಂದ ಮೇಲೆ ಇವಕ್ಕೆ ಬೆಲೆಯೇ ಇಲ್ಲ ಎನ್ನುತ್ತಾರೆ. ನಿಜವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಫ್ರಾಂಕ್ ಮತ್ತು ಲೀರಾಗಳ ಮಟ್ಟಿಗೆ ನಿಜ, ಮಾರ್ಕ್‌ನ ಮಟ್ಟಿಗೆ ಅಲ್ಲ. ದಯವಿಟ್ಟು ಮಾರ್ಕ್ ನೋಟುಗಳನ್ನು ಜೋಪಾನವಾಗಿ ತೆಗೆದಿಡಿ.

ಯೂರೋ 1999ರ ಜನವರಿ 1ರಂದು ಲೆಕ್ಕಪತ್ರದ ಹಣವಾಗಿ ಹುಟ್ಟಿತು. ನೋಟು, ನಾಣ್ಯಗಳಾಗಿ ಜನರ ಕೈಗೆ ಬಂದದ್ದು ಮೂರು ವರ್ಷಗಳ ನಂತರ, 2002ರ ಜನವರಿ 1ರಂದು, ಹನ್ನೆರಡು ದೇಶಗಳಲ್ಲಿ. ಹಳೆಯ ಹಣದ ದರವನ್ನು ಮಾತ್ರ ಬದಲಿಸಲಾಗದಂತೆ ಮೊದಲೇ ಗೊತ್ತುಮಾಡಿದ್ದರು: ಒಂದು ಯೂರೋಗೆ 1.95583 ಮಾರ್ಕ್, 6.55957 ಫ್ರಾಂಕ್, 1936.27 ಲೀರಾ. ಪೈಸೆಯಷ್ಟೂ ತಕರಾರು ಬರಬಾರದೆಂದು ಪ್ರತಿ ದರವನ್ನೂ ಆರು ಅಂಕಿಗಳಲ್ಲಿ ಬರೆದರು. ಅದನ್ನು ದುಂಡಾಗಿಸಿ ಎರಡು ಮಾರ್ಕ್‌ಗೆ ಒಂದು ಯೂರೋ ಎಂದು ಲೆಕ್ಕ ಹಾಕುವುದನ್ನು ಕಾನೂನು ಒಪ್ಪುತ್ತಿರಲಿಲ್ಲ.

ದರ ಎಲ್ಲರಿಗೂ ಸೇರಿ ನಿಶ್ಚಯವಾದರೂ, ಮನೆಗಳಲ್ಲಿ ಉಳಿದ ಹಳೆಯ ನೋಟನ್ನು ಎಷ್ಟು ಕಾಲ ಹಿಂಪಡೆಯಬೇಕೆಂಬುದನ್ನು ಆಯಾ ದೇಶದ ತೀರ್ಮಾನಕ್ಕೇ ಬಿಟ್ಟರು. ನಿಮ್ಮ ಟ್ರಂಕಿನ ಮೂರು ಬಗೆಯ ನೋಟುಗಳ ಗತಿ ಮೂರು ಬಗೆಯಾದದ್ದು ಇದರಿಂದಲೇ. ಫ್ರಾನ್ಸ್ ಹತ್ತು ವರ್ಷ ಕಾದು 2012ರ ಫೆಬ್ರವರಿ 17ಕ್ಕೆ ಬಾಗಿಲು ಮುಚ್ಚಿತು. ಇಟಲಿಯೂ ಅದೇ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿತ್ತು. ಆದರೆ ಸಾಲದ ಬಿಕ್ಕಟ್ಟಿನ ನಡುವೆ 2011ರ ಡಿಸೆಂಬರ್‌ನಲ್ಲಿ ಸರ್ಕಾರ ಒಂದೇ ಆದೇಶದಿಂದ ವಿನಿಮಯವನ್ನು ಥಟ್ಟನೆ ನಿಲ್ಲಿಸಿಬಿಟ್ಟಿತು. ಅದು ಸರಿಯಲ್ಲವೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟರೂ, ಪ್ರಯೋಜನವಾದದ್ದು ಆ ಅವಧಿಯಲ್ಲಿ ವಿನಿಮಯ ಕೇಳಿದ್ದಕ್ಕೆ ದಾಖಲೆಯಿದ್ದವರಿಗೆ ಮಾತ್ರ. ದುಡಿದು ಕೂಡಿಟ್ಟ ಹಣಕ್ಕೆ ಸರ್ಕಾರ ಕೊಟ್ಟ ಗಡುವನ್ನು ತಾನೇ ಮುರಿಯುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಜರ್ಮನಿ ಗಡುವನ್ನೇ ಇಡಲಿಲ್ಲ. ಅಲ್ಲಿನ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕ್ ಇಂದಿಗೂ ಮಾರ್ಕ್ ನೋಟು, ನಾಣ್ಯಗಳನ್ನು ಶುಲ್ಕವಿಲ್ಲದೆ, ಅದೇ ಹಳೆಯ ದರದಲ್ಲಿ, ಎಷ್ಟೇ ಮೊತ್ತವಿದ್ದರೂ ಬದಲಿಸಿ ಕೊಡುತ್ತದೆ. ನಿಮ್ಮ 350 ಮಾರ್ಕ್‌ಗೆ 178.95 ಯೂರೋ ಸಿಗಬೇಕು. ಸುಮಾರು 1,200 ಕೋಟಿ ಮಾರ್ಕ್ ಇನ್ನೂ ಹಿಂದಿರುಗಿಲ್ಲವಾದ್ದರಿಂದ ನಿಮ್ಮಂಥವರು ಬಹಳ ಮಂದಿ ಇದ್ದಾರೆ.

ಒಂದು ಎಚ್ಚರಿಕೆ: ನೋಟಿನ ಮೇಲೆ ಬುಂಡೆಸ್‌ಬ್ಯಾಂಕ್ ಎಂದು ಮುದ್ರಿತವಾಗಿದೆಯೇ ನೋಡಿ. ಅಂದಿನ ಪೂರ್ವ ಜರ್ಮನಿಯ ನೋಟಾದರೆ ಅದು 1990ರ ಏಕೀಕರಣದ ವೇಳೆಗೇ ಬೆಲೆ ಕಳೆದುಕೊಂಡಿದೆ. ನಮ್ಮ ಊರಿನ ಬ್ಯಾಂಕುಗಳು ಈ ವಿನಿಮಯ ಮಾಡುವುದಿಲ್ಲ. ಜರ್ಮನಿಯಲ್ಲಿರುವ ಬಂಧುಗಳೋ ಸ್ನೇಹಿತರೋ ಬುಂಡೆಸ್‌ಬ್ಯಾಂಕಿನ ಯಾವುದಾದರೂ ಶಾಖೆಗೆ ಹೋಗಿ ಕೊಡುವುದು ಸುಲಭದ ದಾರಿ. ಗಡುವಿಲ್ಲದ ಕಾರಣ ಅವರು ಮುಂದಿನ ಸಲ ಊರಿಗೆ ಬರುವವರೆಗೂ ನೀವು ನಿಶ್ಚಿಂತೆಯಿಂದ ಕಾಯಬಹುದು.