ಸಿ ಡ್ರೈವ್‌ನಲ್ಲಿರುವುದನ್ನೆಲ್ಲ ಡಿಗೆ ಹಾಕಿ, ಸಿ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕಿಕೊಂಡರೆ ಫೈಲ್‌ಗಳು ಉಳಿಯುತ್ತವಾ?

ದಯವಿಟ್ಟು ಹಾಗೆ ಮಾಡಬೇಡಿ. 2020ರಲ್ಲಿ ನಾನು ಇದನ್ನೇ ಮಾಡಿದ್ದೆ. ಆ ಜನವರಿ 14ಕ್ಕೆ ವಿಂಡೋಸ್ 7ರ ಸಪೋರ್ಟ್ ನಿಂತಿತ್ತು, ನಿಮ್ಮ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತ ಹಾಗೆ. ನನಗೂ ಅವಸರ ಹತ್ತಿತ್ತು.

ಮನೆಯ ಕಂಪ್ಯೂಟರ್‌ನಲ್ಲಿ 500 ಜಿಬಿಯ ಒಂದೇ ಹಾರ್ಡ್ ಡಿಸ್ಕ್. ಅಂಗಡಿಯವರು ಅದನ್ನು ಸಿ, ಡಿ ಅಂತ ಅರ್ಧರ್ಧ ಮಾಡಿ ಕೊಟ್ಟಿದ್ದರು. ರಿಟೈರ್ ಆದ ಮೇಲೆ ಅಪ್ಪ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯಲ್ಲಿ ಟೈಪ್ ಮಾಡಿದ್ದ ಊರಿನ ನೆನಪುಗಳು, ಸುಮಾರು 140 ಪುಟ, ಡೆಸ್ಕ್‌ಟಾಪ್ ಮೇಲೇ ಇದ್ದವು. ತಂಗಿಯ ಮದುವೆ ಫೋಟೊಗಳೂ ಅಲ್ಲೇ. ಡೆಸ್ಕ್‌ಟಾಪ್ ಅಂದರೆ ಸಿ ಒಳಗಿನ ಒಂದು ಫೋಲ್ಡರ್ ಅಂತ ಗೊತ್ತಿತ್ತು. ಎಲ್ಲವನ್ನೂ ಕಟ್ ಮಾಡಿ ಡಿಯಲ್ಲಿ ಪೇಸ್ಟ್ ಮಾಡಿದೆ. ಕಾಪಿ ಅಲ್ಲ, ಕಟ್. ಸಿ ಹೇಗೂ ಅಳಿಸಿಹೋಗುತ್ತದಲ್ಲ ಅಂದುಕೊಂಡೆ.

ಇಲ್ಲಿಂದ ನಿಧಾನವಾಗಿ ಓದಿ. ಹೊಸ ವಿಂಡೋಸ್ ಹಾಕಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಬರುವ ಸ್ಕ್ರೀನ್‌ನಲ್ಲಿ ಸಿ, ಡಿ ಅನ್ನುವ ಅಕ್ಷರಗಳೇ ಇರಲಿಲ್ಲ. ಡ್ರೈವ್ 0, ಪಾರ್ಟಿಷನ್ (ಡಿಸ್ಕಿನ ಭಾಗ) 1, 2, 3 ಅಂತಿತ್ತು. 1ನೆಯದು ವಿಂಡೋಸ್ 7 ತಾನೇ ಮಾಡಿಕೊಂಡಿದ್ದ 100 ಎಂಬಿಯ ತುಂಡು. ಉಳಿದೆರಡೂ 232 ಜಿಬಿ ಚಿಲ್ಲರೆ. ಗಾತ್ರ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ. ಪಕ್ಕದಲ್ಲಿ ಖಾಲಿ ಜಾಗ ಎಷ್ಟು ಅಂತ ಇತ್ತು. ಸಿ ಈಗಷ್ಟೇ ಖಾಲಿ ಮಾಡಿದ್ದೀನಲ್ಲ, ಜಾಸ್ತಿ ಖಾಲಿ ಇರುವುದೇ ಸಿ ಅಂತ ಲೆಕ್ಕ ಹಾಕಿದೆ. ಆದರೆ ವಿಂಡೋಸ್, ತಮ್ಮನ ಗೇಮ್‌ಗಳು ಇನ್ನೂ ಸಿಯಲ್ಲೇ ಇದ್ದವು, ಹಾಗಾಗಿ ನಿಜಕ್ಕೂ ಜಾಸ್ತಿ ತುಂಬಿದ್ದು ಸಿ. ನಾನು 3ನೆಯದನ್ನು ಫಾರ್ಮ್ಯಾಟ್ ಮಾಡಿದೆ. ಅದು ಡಿ. ಹೊಸ ವಿಂಡೋಸ್ ಕೂಡ ಅದರ ಮೇಲೇ ಹೋಗಿ ಕೂತಿತು.

ಸಿ, ಡಿ ಬೇರೆ ಬೇರೆ ಪೆಟ್ಟಿಗೆಗಳಲ್ಲ. ಒಂದೇ ಡಿಸ್ಕಿನ ಮೇಲೆ ಎಳೆದ ಗೆರೆ ಅದು. ಅವತ್ತು ನಾನು ಸರಿಯಾದ ಪಾರ್ಟಿಷನ್ ಒತ್ತಿದ್ದರೂ, ಡಿಸ್ಕೇ ಕೆಟ್ಟಿದ್ದರೆ ಎರಡೂ ಒಟ್ಟಿಗೇ ಹೋಗುತ್ತಿದ್ದವು.

ಅಳಿಸಿಹೋದ ಫೈಲ್ ಹುಡುಕಿಕೊಡುವ ಫೋಟೊರೆಕ್ ಸಾಫ್ಟ್‌ವೇರ್ ಹಾಕಿ ಎರಡು ರಾತ್ರಿ ಹುಡುಕಿದೆ. ಹೆಸರು ಕಳೆದುಕೊಂಡ ಫೋಟೊಗಳು ಸುಮಾರು ಸಿಕ್ಕವು. ಅಪ್ಪನ ಬರಹದಲ್ಲಿ ಸಿಕ್ಕಿದ್ದು 30 ಪುಟದ ಒಂದೇ ಫೈಲ್. ತೆರೆದರೆ ಬರೀ ಅರ್ಥವಿಲ್ಲದ ಚಿಹ್ನೆಗಳು, ಹಳೆಯ ನುಡಿ ಫಾಂಟ್ ಹಾಕಿದ ಮೇಲೆ ಕನ್ನಡ ಕಾಣಿಸಿತು. ಅಪ್ಪ ಬೈಯಲಿಲ್ಲ. ಮತ್ತೆ ಬರೆಯಲು ಕೂತರು. ಕೆರೆ ಏರಿ ಒಡೆದ ವರ್ಷದ ಭಾಗ ಮಾತ್ರ ಮೊದಲಿನ ಹಾಗೆ ನೆನಪಿಗೆ ಬರುತ್ತಿಲ್ಲ ಅಂತಾರೆ.

ಅಷ್ಟಕ್ಕೂ ನಿಮಗೆ ಫಾರ್ಮ್ಯಾಟ್ ಯಾಕೆ ಬೇಕು? ಕಂಪ್ಯೂಟರ್‌ನಲ್ಲಿ ಟಿಪಿಎಂ 2.0 (ಭದ್ರತೆಗೆ ಇರುವ ಚಿಪ್) ಇದ್ದು, ಪ್ರೊಸೆಸರ್ ಹೊಂದುವಂತಿದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಿಂದಲೇ 11 ಹಾಕಿಕೊಳ್ಳಬಹುದು. ಫೈಲ್, ಪ್ರೋಗ್ರಾಂ ಎಲ್ಲ ಇದ್ದಲ್ಲೇ ಇರುತ್ತವೆ. ಹಿಡಿಸದಿದ್ದರೆ 10 ದಿನದೊಳಗೆ ಹಿಂದಕ್ಕೂ ಹೋಗಬಹುದು. ಕ್ಲೀನ್ ಇನ್‌ಸ್ಟಾಲ್, ಅಂದರೆ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದು, ಮಾಡಿದರೆ ಫಾಸ್ಟ್ ಆಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಳೆದುಹೋಗುವುದು ಅವರ ಫೈಲ್ ಅಲ್ಲ, ಅಲ್ವಾ?

ಆದರೂ ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಎಲ್ಲವನ್ನೂ ಕಾಪಿ ಮಾಡಿ. ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕು ಫೈಲ್ ತೆರೆದು ನೋಡಿ. ನುಡಿ ಫೈಲ್‌ಗಳಿದ್ದರೆ ಪಿಡಿಎಫ್ ಮಾಡಿಟ್ಟುಕೊಳ್ಳಿ, ಫಾಂಟ್‌ಗಳನ್ನೂ ಜೊತೆಗಿಡಿ. ಅಪ್‌ಗ್ರೇಡ್ ಆಗುವಾಗ ಆ ಡಿಸ್ಕಿನ ಕೇಬಲ್ ಕಿತ್ತು ಬೀರುವಿನಲ್ಲಿಡಿ. ಡಿಸ್ಕ್ ಇಲ್ಲದಿದ್ದರೆ ಯಾರಿಂದಾದರೂ ಎರಡು ದಿನಕ್ಕೆ ಇಸ್ಕೊಳ್ಳಿ. ಅದು ಕೈಗೆ ಬರುವವರೆಗೆ ಅಪ್‌ಗ್ರೇಡ್ ಬಟನ್ ಮುಟ್ಟಬೇಡಿ.