ಬಿಸ್ಕತ್ತು ಎಷ್ಟು ಸಲ ಬೆಂದಿದೆ?

ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದಾಗ ಹೋಟೆಲಿನಲ್ಲಿ ಬಿಸ್ಕತ್ತು ಕೇಳಿದಿರಿ, ಅವರು ಮೆತ್ತನೆಯ ಬನ್ನಿನಂಥದ್ದು ತಂದಿಟ್ಟು ಮೇಲೆ ಬಿಳಿ ಗ್ರೇವಿ ಸುರಿದರು. "ಯಾವುದು ನಿಜವಾದ ಬಿಸ್ಕತ್ತು, ಆ ಪದಕ್ಕೆ ಅರ್ಥವಾದರೂ ಏನು?" ಅಂತ ಬರೆದಿದ್ದೀರಿ.

ಅರ್ಥ ಹಿಡಿದು ನ್ಯಾಯ ಹೇಳಿದರೆ ಹೋಟೆಲಿನವರೂ ಸೋತರು, ನೀವೂ ಸೋತಿರಿ! ಲ್ಯಾಟಿನ್‌ನಲ್ಲಿ 'ಬಿಸ್' ಅಂದರೆ ಎರಡು ಸಲ, 'ಕೊಕ್ಟಸ್' ಅಂದರೆ ಬೇಯಿಸಿದ್ದು. ಎರಡು ಸಲ ಬೆಂದದ್ದೇ ಬಿಸ್ಕತ್ತು. ಇಟಲಿಯವರ ಬಿಸ್ಕಾಟಿಯೂ ಇದೇ ಮೂಲದ್ದು. ಪದ ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂತು. ಇಂಗ್ಲಿಷರು ಬಹಳ ಕಾಲ ಅದನ್ನು ಬಾಯಲ್ಲಿ ಹೇಳುವ ಹಾಗೇ ಬರೆಯುತ್ತಿದ್ದರು, ಆಮೇಲೆ ಫ್ರೆಂಚ್ ಸ್ಪೆಲಿಂಗ್ ತಂದು ಕೂರಿಸಿದರು, ಉಚ್ಚಾರ ಮಾತ್ರ ಹಳೆಯದೇ ಉಳಿಯಿತು. ಆ 'ಯು' ಬಿಟ್ಟುಹೋಗಿ ಮೇಷ್ಟ್ರ ಕೈಲಿ ಏಟು ತಿಂದವರಲ್ಲಿ ನಾನೂ ಒಬ್ಬ.

ಎರಡನೇ ಸಲ ಯಾಕೆ ಅಂತೀರಾ? ಮೊದಲ ಸಲ ಹಿಟ್ಟು ಬೇಯುತ್ತದೆ, ಎರಡನೇ ಸಲ ಸಣ್ಣ ಉರಿಯಲ್ಲಿ ಪಸೆಯೆಲ್ಲ ಆರಿಹೋಗುತ್ತದೆ. ಪಸೆ ಇಲ್ಲದಿದ್ದರೆ ಬೂಸ್ಟು ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದು? 18ನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆಯವರಿಗೆ ತಲೆಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಗಟ್ಟಿ ಬಿಸ್ಕತ್ತು ನಿಗದಿಯಾಗಿತ್ತು. ಮೇಜಿಗೆ ಕುಟ್ಟಿ, ಹುಳ ಉದುರಿಸಿ ತಿನ್ನುತ್ತಿದ್ದರಂತೆ.

ಈಗಿನ ಪೊಟ್ಟಣದ ಬಿಸ್ಕತ್ತು ಬೇಯುವುದು ಒಂದೇ ಸಲ. ಅಮೆರಿಕದವರದ್ದೂ ಅಷ್ಟೇ, ಬೇಕಿಂಗ್ ಪೌಡರ್ ಹಾಕಿ ಉಬ್ಬಿಸಿ ಬಿಸಿಬಿಸಿ ತಿನ್ನುತ್ತಾರೆ. ನಮ್ಮ ಬಿಸ್ಕತ್ತಿಗೆ ಅವರು ಹೇಳುವುದು ಕುಕೀ, ಅದು ಡಚ್ ಮಾತಿನ 'ಪುಟ್ಟ ಕೇಕು'.

ಹಾಗಾದರೆ ಎರಡು ಸಲ ಬೇಯುವುದು ಯಾವುದು? ನೀವು ಬೆಳಗ್ಗೆ ಚಹಾಕ್ಕೆ ಅದ್ದಿ ತಿನ್ನುವ ರಸ್ಕು! ಬ್ರೆಡ್ಡು ಸುಟ್ಟು, ಕತ್ತರಿಸಿ, ಮತ್ತೆ ಒಲೆಗೆ ಹಾಕಿದರೇ ರಸ್ಕು. ತಮಾಷೆ ಏನೆಂದರೆ ರಸ್ಕ್ ಪದ ಬಂದದ್ದು ಸ್ಪ್ಯಾನಿಷ್, ಪೋರ್ಚುಗೀಸರ 'ರೋಸ್ಕ'ದಿಂದ. ಅದರರ್ಥ ಚಕ್ಕುಲಿ ಹಾಗೆ ಸುತ್ತಿದ ರೊಟ್ಟಿ. ನಮ್ಮ ರಸ್ಕಿನಲ್ಲಿ ಸುತ್ತೂ ಇಲ್ಲ, ಸುರುಳಿಯೂ ಇಲ್ಲ. ಎರಡು ಸಲ ಬೆಂದದ್ದಕ್ಕೆ ಸುರುಳಿಯ ಹೆಸರು, ಒಂದೇ ಸಲ ಬೆಂದದ್ದಕ್ಕೆ ಎರಡು ಸಲದ ಹೆಸರು, ಸರಿಹೋಯ್ತಲ್ವಾ!

ಮುಂದಿನ ಸಲ ಅಲ್ಲಿಗೆ ಹೋದಾಗ ಕುಕೀ ಅಂತ ಕೇಳಿ. ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತನ್ನು ಮಾತ್ರ ಇಲ್ಲಿಂದಲೇ ಕಟ್ಟಿಸಿಕೊಂಡು ಹೋಗಿ, ಅದನ್ನು ಯಾವ ಹೆಸರು ಹಿಡಿದು ಕೇಳಿದರೂ ಆ ಹೋಟೆಲಿನವರು ಕೊಡಲಾರರು.