ಸಂಶೋಧಕಿ ಹಿಡಿದು ಹೊರಟ ಪ್ರಶ್ನೆಯನ್ನು ಬರೆಯಿರಿ

ಪ್ರಿಯ ಲೇಖಕರೇ,

ಸಪ್ರೇಮ ನಮಸ್ಕಾರ. ವೃದ್ಧಾಪ್ಯದ ಅಧ್ಯಯನಕ್ಕೆ ವೃತ್ತಿಜೀವನವನ್ನೇ ಮುಡಿಪಾಗಿಟ್ಟ ಧಾರವಾಡದ ನಿವೃತ್ತ ಪ್ರಾಧ್ಯಾಪಕಿಯೊಬ್ಬರ ಕುರಿತು ನೀವು ಕಳಿಸಿದ ಲೇಖನವನ್ನು ಸಾವಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೂ ಕೈಬಿಡಬೇಡಿ ಎಂದು ಹೇಳುವುದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಲೇಖನದ ಮುಕ್ಕಾಲು ಪಾಲು ಅವರು ಪಡೆದ ಪದವಿ, ವಹಿಸಿಕೊಂಡ ಹುದ್ದೆ, ಭಾಗವಹಿಸಿದ ವಿಚಾರ ಸಂಕಿರಣಗಳ ವಿವರಕ್ಕೆ ಹೋಗಿದೆ. ಬೀಳ್ಕೊಡುಗೆ ಸಮಾರಂಭದ ಸನ್ಮಾನಪತ್ರಕ್ಕೆ ಇಷ್ಟು ಸಾಕು. ಅವರನ್ನು ಎಂದೂ ಕಂಡಿರದ ಓದುಗರಿಗೆ, ಅವರು ಯಾವ ಪ್ರಶ್ನೆ ಹಿಡಿದು ಹೊರಟರು, ಉತ್ತರ ಹುಡುಕುವುದು ಏಕೆ ಕಷ್ಟವಾಯಿತು, ಹುಡುಕುತ್ತ ಹೋದಂತೆ ಆ ಪ್ರಶ್ನೆಯೇ ಹೇಗೆ ಬದಲಾಯಿತು ಎಂಬುದು ತಿಳಿಯಬೇಕು. ಇದರ ಸುಳಿವು ಸಿಗುವುದು ಒಂದೇ ಕಡೆ. ರೋಣ ತಾಲೂಕಿನ ಹಳ್ಳಿಯಲ್ಲಿ, ಸೊಸೆ ಬಾಗಿಲಲ್ಲಿ ನಿಂತಿರುವ ತನಕ “ಎಲ್ಲಾ ಛಲೋ ನೋಡ್ಕೋತಾರ್ರೀ” ಎನ್ನುತ್ತಿದ್ದ ಅಜ್ಜಿ, ಸೊಸೆ ನೀರಿಗೆಂದು ಹೊರಗೆ ಹೋದೊಡನೆ ದನಿ ತಗ್ಗಿಸಿ, ಪಗಾರದ (ಪಿಂಚಣಿಯ) ರೊಕ್ಕ ತನ್ನ ಕೈಗೇ ಬರುವುದಿಲ್ಲವೆಂದು ಹೇಳಿದ ಪ್ರಸಂಗವದು. ಅದನ್ನು ನೀವು ಮೂರು ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಲೇಖನ ಇರುವುದು ಅಲ್ಲಿಯೇ. ಪ್ರಶ್ನಾವಳಿಯಲ್ಲಿ ಮೊದಲು ಬರೆದುಕೊಂಡ ಉತ್ತರವನ್ನು ಅವರು ತಿದ್ದಿದರೇ, ಎರಡನ್ನೂ ಉಳಿಸಿಕೊಂಡರೇ? ಆಮೇಲಿನ ಸಂದರ್ಶನಗಳನ್ನು ಪಡಸಾಲೆ ಬಿಟ್ಟು ಗುಡಿಯ ಕಟ್ಟೆಯ ಮೇಲೆ ಮಾಡಿದರೇ? ಮನೆಮಂದಿಯ ಎದುರಿಗೆ ಕೇಳಿ ಬರೆದುಕೊಂಡ ಉತ್ತರಗಳ ಮೇಲೆ ನಿಂತ ಕೋಷ್ಟಕವನ್ನು ಎಷ್ಟರಮಟ್ಟಿಗೆ ನಂಬಬೇಕು? ಇದೆಲ್ಲವನ್ನೂ ಅವರ ಬಳಿ ಕುಳಿತು ಕೇಳಬೇಕು.

ವಯಸ್ಸಿನ ವಿಷಯವನ್ನೂ ಕೇಳಿ. ಜನನ ದಾಖಲೆ ಇಲ್ಲದ ಪೀಳಿಗೆ ತನ್ನ ವಯಸ್ಸನ್ನು ಅರವತ್ತು, ಅರವತ್ತೈದು, ಎಪ್ಪತ್ತು ಎಂದು ದುಂಡಾಗಿ ಹೇಳುತ್ತದೆ. ನಮ್ಮ ಜನಗಣತಿಯಲ್ಲಿಯೂ 0 ಮತ್ತು 5ರಿಂದ ಕೊನೆಗೊಳ್ಳುವ ವಯಸ್ಸುಗಳಲ್ಲಿ ಜನ ಗುಂಪುಗೂಡುವುದಕ್ಕೆ ಇದೇ ಕಾರಣ. ಅನುಭವಿ ಸಂಶೋಧಕರು ಊರಿಗೆ ನೆನಪಿರುವ ಘಟನೆಗಳನ್ನು ಹಿಡಿದು ಲೆಕ್ಕ ಹಾಕುತ್ತಾರೆ. 1956ರ ಏಕೀಕರಣದ ಹೊತ್ತಿಗೆ ನಿಮ್ಮ ಮದುವೆಯಾಗಿತ್ತೇ, 1980ರ ನರಗುಂದ-ನವಲಗುಂದ ರೈತ ಬಂಡಾಯದ ವರ್ಷ ಹಿರಿಯ ಮಗ ಸಾಲೆಗೆ ಹೋಗುತ್ತಿದ್ದನೇ ಎಂದು ವಿಚಾರಿಸುತ್ತಾರೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕಾದ್ದರಿಂದ ವಯಸ್ಸು ಹೆಚ್ಚು ಹೇಳುವುದಕ್ಕೆ ಕಾರಣವೂ ಇರುತ್ತದೆ. ಗದಗ ಸೀಮೆಯಲ್ಲಿ ನಿಮ್ಮ ಪ್ರಾಧ್ಯಾಪಕಿ ಇದನ್ನು ಹೇಗೆ ನಿಭಾಯಿಸಿದರು?

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯನ್ನು ನೀವು ಪುರಾವೆಯಂತೆ ಬಳಸಿದ್ದೀರಿ. ಅವರ ಶಾಸ್ತ್ರ ಇಷ್ಟು ವರ್ಷ ಪರೀಕ್ಷಿಸುತ್ತ ಬಂದಿರುವುದು ಇಂಥ ನಂಬಿಕೆಯನ್ನೇ. ಅಮೆರಿಕದ ಸಿಯಾಟಲ್‌ನಲ್ಲಿ ಮನೋವಿಜ್ಞಾನಿ ಕೆ. ವಾರ್ನರ್ ಶಾಯ್ 1956ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಅದೇ ಜನರನ್ನು ಏಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತ ಹೋದರು. ಒಂದೇ ಕಾಲದಲ್ಲಿ ಯುವಕರನ್ನೂ ವೃದ್ಧರನ್ನೂ ಹೋಲಿಸಿದಾಗ ಕಾಣುವ ಬುದ್ಧಿಶಕ್ತಿಯ ಕುಸಿತದಲ್ಲಿ ಬಹುಪಾಲು, ಪೀಳಿಗೆಗಳ ನಡುವಿನ ಶಿಕ್ಷಣ ಮತ್ತು ಬದುಕಿನ ಅಂತರದಿಂದ ಬಂದದ್ದು ಎಂಬುದು ಅದರಿಂದ ಸ್ಪಷ್ಟವಾಯಿತು. ಸಾಲೆಯ ಮೆಟ್ಟಿಲು ಹತ್ತದ ಅಜ್ಜಿಯನ್ನೂ ಪದವಿ ಮುಗಿಸಿದ ಮೊಮ್ಮಗಳನ್ನೂ ಅಕ್ಕಪಕ್ಕ ಕೂರಿಸಿ ಪರೀಕ್ಷಿಸುವ ನಮ್ಮ ಭಾಗದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮರೆವಿನ ಪರೀಕ್ಷೆಗೆ ಜಗತ್ತೆಲ್ಲ ಬಳಸುವ, 1975ರಲ್ಲಿ ಪ್ರಕಟವಾದ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು. ಅಕ್ಷರ ಬಾರದವರಿಗೆ ಇದು ಒಗ್ಗುವುದಿಲ್ಲವೆಂದು ಹರಿಯಾಣದ ಬಲ್ಲಭಗಢದಲ್ಲಿ ಅಧ್ಯಯನ ಮಾಡಿದವರು ಹಿಂದಿಗೆ ಬೇರೆಯದೇ ರೂಪ ಕಟ್ಟಬೇಕಾಯಿತು. ನಿಮ್ಮ ಪ್ರಾಧ್ಯಾಪಕಿ ಕನ್ನಡದಲ್ಲಿ ಏನನ್ನು ಬದಲಿಸಿದರು ಎಂಬುದಕ್ಕೆ ಒಂದಿಡೀ ಪುಟ ಕೊಡಿ, ಧಾರಾಳವಾಗಿ ಕೊಡಿ.

ಅವಿಭಕ್ತ ಕುಟುಂಬ ಒಡೆದದ್ದರಿಂದಲೇ ಹಿರಿಯರು ಅನಾಥರಾದರು ಎಂಬ ವಾಕ್ಯವನ್ನು ತೆಗೆಯಿರಿ. ರೋಣದ ಅಜ್ಜಿ ಮಗ-ಸೊಸೆಯ ಜೊತೆಗೇ ಇದ್ದಾಳಲ್ಲ! ಕೋಟ್ಯಂತರ ವೃದ್ಧರು ಎನ್ನುವ ಬದಲು, 2011ರ ಜನಗಣತಿಯಂತೆ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ ಎಂದು ಬರೆಯಿರಿ. ನಲವತ್ತೈದು ವರ್ಷ ಮೇಲ್ಪಟ್ಟ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡ, 2017-18ರಲ್ಲಿ ಮೊದಲ ಸುತ್ತು ನಡೆದ, ದೇಶದ ಹಿರಿಯರ ಕುರಿತ ಲಾಸಿ ಸಮೀಕ್ಷೆಯಂಥ ಬೃಹತ್ ಅಧ್ಯಯನಕ್ಕೆ ಎಟುಕದ ಯಾವುದು ಕೆಲವೇ ಹಳ್ಳಿಗಳಲ್ಲಿ ಓಡಾಡಿದ ಇವರಿಗೆ ಎಟುಕಿತು ಎಂದು ತೋರಿಸಿದರೆ ಅವರ ದುಡಿಮೆಯ ಬೆಲೆ ಓದುಗರಿಗೆ ತಾನಾಗಿಯೇ ತಿಳಿಯುತ್ತದೆ. ಆಗ “ಮೇರು ವ್ಯಕ್ತಿತ್ವ”ದಂಥ ವಿಶೇಷಣಗಳ ಹಂಗು ನಿಮಗೆ ಇರುವುದಿಲ್ಲ.

ಕೊನೆಯದಾಗಿ, ಅಜ್ಜಿಯ ಹೆಸರನ್ನೂ ಊರನ್ನೂ ನೀವು ಇದ್ದಂತೆಯೇ ಬರೆದಿದ್ದೀರಿ. ಎರಡನ್ನೂ ಕಡ್ಡಾಯವಾಗಿ ತೆಗೆಯಬೇಕು, ಏಕೆಂದರೆ ಆಕೆ ಆ ಮಾತನ್ನು ಹೇಳಿದ್ದು ಸೊಸೆಯ ಕಿವಿಗೆ ಬೀಳದಿರಲಿ ಎಂದು, ಮತ್ತು ನಮ್ಮ ಪತ್ರಿಕೆ ಆ ಹಳ್ಳಿಗೂ ಹೋಗುತ್ತದೆ. ಪರಿಷ್ಕರಿಸಿದ ಪ್ರತಿಯನ್ನು ದೀಪಾವಳಿಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಪರಿಶೀಲಿಸುತ್ತೇನೆ.

ಇಂತಿ ನಿಮ್ಮ,
ಸಂಪಾದಕ, ಧಾರವಾಡ